ಗಬ್ಬದ ಕುರಿಯ ಮೇವು, ಹುಟ್ಟುವ ಮರಿಯ ಗುಣ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಕುರಿ ಸಾಕಾಣಿಕೆದಾರರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ್ದು ನಮಗೆಲ್ಲ ಸಂತೋಷದ ಸಂಗತಿ. ಸಂಘ ನಡೆದು ಬಂದ ದಾರಿಯನ್ನು ನಮಗಿಂತ ಮೊದಲು ಮಾತಾಡಿದ ಹಿರಿಯರು ಚೆನ್ನಾಗಿ ಹೇಳಿದ್ದಾರೆ. ನಮಗೆ ಒಪ್ಪಿಸಿರುವುದು ಬೇರೆ ವಿಷಯ, ಸ್ವಲ್ಪ ಜಗಳದ ವಿಷಯ.

ಹೋದ ಸರ್ವಸದಸ್ಯರ ಸಭೆಯಲ್ಲಿ ಎದ್ದ ಗಲಾಟೆ ನಿಮಗೆಲ್ಲ ನೆನಪಿದೆ. ಸಂಘದಿಂದ ಹಂಚಿದ ಬೀಜದ ಟಗರು ಸರಿಯಿಲ್ಲ, ಮರಿಗಳು ಬೆಕ್ಕಿನ ಮರಿ ಹಾಗೆ ಹುಟ್ತಾವೆ, ಮೂರು ದಿನಕ್ಕೆ ಸಾಯ್ತಾವೆ ಅಂತ ಅರ್ಧ ಜನ ಕೂಗಿದರು. ಇರೋ ಟಗರು ಮಾರಿ, ದೊಡ್ಡ ಜಾತಿ ಟಗರು ತನ್ನಿ, ಬೆಳ್ಳಿಹಬ್ಬದ ನಿಧಿಯನ್ನೆಲ್ಲ ಅದಕ್ಕೇ ಹಾಕಿ ಅಂತ ಇನ್ನರ್ಧ ಜನ. ಇವತ್ತು ಊಟ ಆದ ಮೇಲೆ ಆ ಠರಾವು ಮತ್ತೆ ಸಭೆ ಮುಂದೆ ಬರುತ್ತೆ. ಕೈ ಎತ್ತುವ ಮೊದಲು ನಮ್ಮ ಮಾತು ಒಂದು ಅರ್ಧ ಗಂಟೆ ಕೇಳಿ ಅಂತ ವಿನಂತಿ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಕುರಿ ಹಿಂದೆ ಹೋದವರು, ಡಾಕ್ಟರಲ್ಲ. ಆದರೆ ತರಬೇತಿಗಳಲ್ಲಿ ಪಶುವೈದ್ಯಕೀಯ ಕಾಲೇಜಿನವರು ಹೇಳಿದ್ದನ್ನು ಬರೆದುಕೊಂಡು ಬಂದಿದ್ದೇವೆ, ಗೊತ್ತಾಗದ್ದನ್ನು ಕೇಳಿ ತಿಳಿದಿದ್ದೇವೆ. ಅದನ್ನೇ ನಮ್ಮ ಹಟ್ಟಿ ಭಾಷೆಯಲ್ಲಿ ಹೇಳ್ತೇವೆ.

ಮೊದಲು ನಿಮ್ಮ ಕಣ್ಣಿಗೇ ಕಾಣುವ ಒಂದು ಸಂಗತಿ. ಸಂಕ್ರಾಂತಿ ಹೊತ್ತಿಗೆ ಗಬ್ಬ ಕಟ್ಟಿದ ಕುರಿ ಕಾರಹುಣ್ಣಿಮೆ ಆಸುಪಾಸು ಈಯುತ್ತೆ. ಕಾರಹುಣ್ಣಿಮೆಗೆ ಗಬ್ಬ ಕಟ್ಟಿದ್ದು ದೀಪಾವಳಿ ಮಗ್ಗುಲಿಗೆ ಈಯುತ್ತೆ. ಗಬ್ಬ ಎರಡಕ್ಕೂ ಐದೇ ತಿಂಗಳು, 150 ದಿನ. ಅದೇ ಟಗರು, ಅದೇ ಕುರಿ. ಆದರೆ ದೀಪಾವಳಿಯ ಮರಿಯನ್ನು ಎತ್ತಿದರೆ ಕೈಗೆ ಭಾರ ಸಿಗುತ್ತೆ, ಎದ್ದು ಹೋಗಿ ಕೆಚ್ಚಲು ಹುಡುಕುತ್ತೆ. ಮುಂಗಾರಿನ ಮರಿ ನಡುಗುತ್ತಾ ಬಿದ್ದಿರುತ್ತೆ. ಟಗರಿನ ತಪ್ಪೇ ಆಗಿದ್ದರೆ ಎರಡು ಕಾಲದ ಮರಿಯೂ ಒಂದೇ ಸಮ ಕೆಡಬೇಕಾಗಿತ್ತಲ್ಲ? ಬದಲಾಗಿದ್ದು ತಾಯಿ ತಿಂದ ಮೇವು. ಒಂದರ ಗಬ್ಬದ ಕೊನೇ ಎರಡು ತಿಂಗಳು ಹಸಿರಲ್ಲಿ ಕಳೀತು, ಇನ್ನೊಂದರದ್ದು ಏಪ್ರಿಲ್ ಮೇ ಬಿಸಿಲಲ್ಲಿ, ಬರೀ ಬಳ್ಳಾರಿ ಜಾಲಿ ಕಾಯಿ ಮತ್ತು ಒಣ ಕೂಳೆ ಮೇಲೆ ಕಳೀತು.

ಇದು ಕುರಿ ಕಾಯುವ ನಮಗೆ ಹೊಸದಲ್ಲ. ಹೊಸದು ಏನಂದರೆ, ಆ ಮೇವು ಮರಿಯ ತೂಕ ಹೆಚ್ಚಿಸುವುದು ಇಳಿಸುವುದು ಮಾತ್ರ ಅಲ್ಲ, ಮರಿಯ ಮೈಯೊಳಗೆ ತಂದೆ ತಾಯಿಯಿಂದ ಬಂದ ಗುಣಗಳಲ್ಲಿ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನುವುದಕ್ಕೂ ಕೈ ಹಾಕುತ್ತೆ ಅನ್ನೋದು. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ಕುರಿಯ ಒಂದೊಂದು ಜೀವಕೋಶದಲ್ಲೂ 27 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿ ಕಡೆಯದು, ಒಂದು ಟಗರಿನ ಕಡೆಯದು. ಅವುಗಳ ಮೇಲೆ ಸುಮಾರು 20 ಸಾವಿರ ವಂಶವಾಹಿಗಳು, ಅಂದರೆ ಜೀನ್‌ಗಳು ಇವೆ. ಕಿವಿಯ ಕೋಶದಲ್ಲೂ ಅಷ್ಟೇ ಇವೆ, ಗೊರಸಿನ ಕೋಶದಲ್ಲೂ ಅಷ್ಟೇ ಇವೆ. 1996ರಲ್ಲಿ ಸ್ಕಾಟ್ಲೆಂಡ್‌ನ ರೋಸ್ಲಿನ್ ಸಂಸ್ಥೆಯಲ್ಲಿ ದೊಡ್ಡ ಕುರಿಯೊಂದರ ಕೆಚ್ಚಲಿನ ಕೋಶದಿಂದ ಡಾಲಿ ಅನ್ನುವ ಪೂರಾ ಕುರಿಯನ್ನೇ ಹುಟ್ಟಿಸಿ ತೋರಿಸಿದರು. ಕೆಚ್ಚಲಿನ ಕೋಶದೊಳಗೆ ಇಡೀ ಕುರಿಯ ಲೆಕ್ಕ ಇತ್ತು ಅಂತ ಅದರಿಂದ ಖಾತ್ರಿ ಆಯಿತು. ಹಾಗಾದರೆ ಕಿವಿ ಯಾಕೆ ಕಿವಿ, ಗೊರಸು ಯಾಕೆ ಗೊರಸು? ಕಿವಿಯಲ್ಲಿ ಕೆಲವು ವಂಶವಾಹಿ ಕೆಲಸ ಮಾಡ್ತಾವೆ, ಗೊರಸಿನಲ್ಲಿ ಬೇರೆಯವು.

ತೋಟಕ್ಕೆ ಬೋರ್‌ವೆಲ್ಲಿಂದ ಪೈಪು ಎಳೆದಿದ್ದೀರಿ ಅಂತ ಇಟ್ಟುಕೊಳ್ಳಿ. ಪೈಪು ಎಲ್ಲ ಮಡಿಗೂ ಹೋಗಿದೆ. ಆದರೆ ನೀರು ಎಲ್ಲಿ ಬೀಳಬೇಕು ಅನ್ನೋದು ಗೇಟ್‌ವಾಲ್ವ್ ತಿರುಗಿಸಿದವನ ಕೈಯಲ್ಲಿದೆ. ಒಂದು ವಾಲ್ವ್ ಪೂರ್ತಿ, ಒಂದು ಅರ್ಧ, ಒಂದು ಬಂದ್. ವಂಶವಾಹಿ ಪೈಪಿದ್ದ ಹಾಗೆ, ಅದನ್ನ ನೀವು ಟಗರಿನ ಸಂತೆಯಲ್ಲಿ ದುಡ್ಡು ಕೊಟ್ಟು ತರ್ತೀರಿ. ವಾಲ್ವ್ ತಿರುಗಿಸುವ ಕೈಗಳಲ್ಲಿ ತಾಯಿಯ ಹೊಟ್ಟೆಯ ಮೇವೂ ಒಂದು.

ಹೇಗೆ ತಿರುಗಿಸುತ್ತೆ? ವಂಶವಾಹಿಯ ದಾರದ ಮೇಲೆ ಅಲ್ಲಲ್ಲಿ ಮೀಥೈಲ್ ಅನ್ನುವ ಬಹಳ ಸಣ್ಣ ಗಂಟುಗಳು ಅಂಟಿಕೊಳ್ಳುತ್ತವೆ. ಬಹಳ ಕಡೆ, ಗಂಟು ಬಿದ್ದ ವಂಶವಾಹಿ ಇದ್ದೂ ಇಲ್ಲದ ಹಾಗೆ ಸುಮ್ಮನಾಗುತ್ತೆ. ಈ ಗಂಟಿಗೆ ಬೇಕಾದ ಸಾಮಾನು ಮೇವಿನಿಂದಲೇ ಬರಬೇಕು. ಮೆಥಿಯೋನಿನ್ ಅನ್ನುವ ಸಸಾರಜನಕದ ತುಣುಕು, ಹಸಿರು ಸೊಪ್ಪಿನಲ್ಲಿರುವ ಫೋಲೇಟ್, ಮತ್ತೆ ಬಿ-12 ಜೀವಸತ್ವ. ಈ ಬಿ-12 ಯಾವ ಸೊಪ್ಪಲ್ಲೂ ಇಲ್ಲ. ಕುರಿಯ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ತಯಾರು ಮಾಡ್ತಾವೆ, ಅದಕ್ಕೆ ಅವಕ್ಕೆ ಕೋಬಾಲ್ಟ್ ಅನ್ನುವ ಖನಿಜ ಚಿಟಿಕೆಯಷ್ಟಾದರೂ ಬೇಕು. ಖನಿಜ ಮಿಶ್ರಣದ ಪ್ಯಾಕೆಟ್ಟಿನ ಮೇಲೆ ಕೋಬಾಲ್ಟ್ ಅಂತ ಬರೆದಿರೋದು ಇದಕ್ಕೇ. ಎಷ್ಟೋ ಜನ ಅದನ್ನ ಬಣ್ಣದ ಪುಡಿ, ಕಂಪನಿಯವರ ವ್ಯಾಪಾರ ಅಂತ ಮೂಲೆಗೆ ಇಟ್ಟಿದ್ದೀರಿ. ನಮ್ಮ ಡಿಪೋದಲ್ಲೂ ಎಷ್ಟು ಖರ್ಚಾಗುತ್ತೆ ಅಂತ ನಮಗೆ ಗೊತ್ತು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಕುರಿಗಳಿಗೆ ಗಬ್ಬ ಕಟ್ಟುವ ಮೊದಲ ಎಂಟು ವಾರ ಮತ್ತು ಕಟ್ಟಿದ ಮೇಲೆ ಬರೀ ಆರು ದಿನ ಈ ಮೂರು ಸತ್ವ ಕಡಿಮೆ ಇರುವ ಹಾಗೆ ಮೇವು ಹಾಕಿದರು. ಆಮೇಲೆ ಆ ಭ್ರೂಣಗಳನ್ನ ಚೆನ್ನಾಗಿ ತಿಂದುಂಡ ಬೇರೆ ಕುರಿಗಳ ಗರ್ಭಕ್ಕೆ ಸೇರಿಸಿದರು. ಮರಿಗಳು ಸಾಮಾನ್ಯ ತೂಕದಲ್ಲೇ ಹುಟ್ಟಿದವು, ನೋಡಿದವರಿಗೆ ಏನೂ ಗೊತ್ತಾಗಲಿಲ್ಲ. ಆದರೆ ದೊಡ್ಡವಾದ ಮೇಲೆ ಕೊಬ್ಬು ಹೆಚ್ಚಾಯಿತು, ರಕ್ತದೊತ್ತಡ ಏರಿತು, ಮೈಗೆ ಇನ್ಸುಲಿನ್ ಸರಿಯಾಗಿ ಹತ್ತಲಿಲ್ಲ. ಗಂಡುಮರಿಗಳಲ್ಲಿ ಇದು ಜಾಸ್ತಿ. ಆ ಮೇವಿನಿಂದಾದ ಭ್ರೂಣಗಳಲ್ಲಿ ಮೀಥೈಲ್ ಗಂಟು ಬೀಳುವ 1,400 ಜಾಗ ಹುಡುಕಿ ನೋಡಿದರೆ ನೂರಕ್ಕೆ ನಾಲ್ಕು ಜಾಗದಲ್ಲಿ ವ್ಯತ್ಯಾಸ ಕಂಡಿತು. ಯೋಚನೆ ಮಾಡಿ. ಕುರಿ ಗಬ್ಬ ಆಗಿದೆ ಅಂತ ನಮಗೆ ಗೊತ್ತಾಗುವ ಮೊದಲೇ ಕೆಲವು ವಾಲ್ವ್ ತಿರುಗಿಬಿಟ್ಟಿರುತ್ತವೆ. ಟಗರು ಬಿಡುವ ಮೂರು ವಾರ ಮೊದಲಿಂದ ಕುರಿಗೆ ಸ್ವಲ್ಪ ಕಾಳು ಹಾಕಿ ಅಂತ ಡಾಕ್ಟರು ಹೇಳುವುದು ಹೆಚ್ಚು ಕುರಿ ಗಬ್ಬ ಕಟ್ಟಲಿ ಅಂತ. ಆ ಮಾತಿಗೆ ಈಗ ಇನ್ನೊಂದು ಕಾರಣವೂ ಸೇರಿದೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇನ್ನೊಂದು ಕೆಲಸ ನಡೆಯಿತು, 2013ರಲ್ಲಿ ಅಚ್ಚಾಯಿತು. ಗಬ್ಬದ ಮಧ್ಯಕಾಲದಿಂದ ಕೊನೆವರೆಗೆ ಒಂದು ಗುಂಪಿಗೆ ಕುದುರೆಮೆಂತೆ ಸೊಪ್ಪಿನ ಮೇವು, ಇನ್ನೊಂದಕ್ಕೆ ಮೆಕ್ಕೆಜೋಳ, ಮೂರನೆಯದಕ್ಕೆ ಮೆಕ್ಕೆಜೋಳದಿಂದ ಸಾರಾಯಿ ತೆಗೆದ ಮೇಲೆ ಉಳಿಯುವ ಒಣ ಹಿಂಡಿ. ಹೊಟ್ಟೆಯೊಳಗಿನ ಮರಿಯ ಬೆನ್ನಿನ ಮಾಂಸ ಮತ್ತು ಕೊಬ್ಬು ತೆಗೆದು ನೋಡಿದರೆ ಮೂರು ಗುಂಪಿನಲ್ಲೂ ವಂಶವಾಹಿಗಳ ಕೆಲಸ ಒಂದೇ ಥರ ಇರಲಿಲ್ಲ. ಕುರಿ ಯಾವುದೂ ಉಪವಾಸ ಇರಲಿಲ್ಲ ನೋಡಿ. ಹೊಟ್ಟೆ ತುಂಬಿದ್ದರೂ ಯಾವುದರಿಂದ ತುಂಬಿತು ಅನ್ನೋದೂ ಲೆಕ್ಕಕ್ಕೆ ಬಂತು.

ಈಗ ಟಗರಿನ ಪಕ್ಷದವರಿಗೆ ಬರೋಣ. ಟಗರಿಗೆ ಬೆಲೆ ಇಲ್ಲ ಅಂತ ನಾವು ಹೇಳ್ತಿಲ್ಲ. ಮರಿಯ ಅರ್ಧ ವಂಶವಾಹಿ ಅದರದ್ದೇ. ಕೆಲವು ಗುಣಗಳಲ್ಲಂತೂ ತಂದೆ ಕಡೆಯಿಂದ ಬಂತೋ ತಾಯಿ ಕಡೆಯಿಂದ ಬಂತೋ ಅನ್ನುವುದೇ ಎಲ್ಲವನ್ನೂ ತೀರ್ಮಾನ ಮಾಡುತ್ತೆ. 1983ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಹಿಂಭಾಗ ವಿಪರೀತ ತುಂಬಿಕೊಂಡ ಟಗರು ಹುಟ್ಟಿತು. ಅದಕ್ಕೆ ಸಾಲಿಡ್ ಗೋಲ್ಡ್ ಅಂತ ಹೆಸರಿಟ್ಟರು. ಆ ಗುಣಕ್ಕೆ ಕ್ಯಾಲಿಪೈಜ್ ಅಂತಾರೆ, ಗ್ರೀಕ್ ಭಾಷೆಯಲ್ಲಿ ಅಂದವಾದ ಕುಂಡೆ ಅಂತ ಅರ್ಥವಂತೆ, ತಾಯಂದಿರು ಕ್ಷಮಿಸಬೇಕು. ಆ ವಂಶವಾಹಿ ಟಗರಿನಿಂದ ಬಂದು, ತಾಯಿ ಕಡೆಯದು ಮಾಮೂಲಿ ಆಗಿದ್ದರೆ ಮಾತ್ರ ಮರಿಯ ತೊಡೆ ತುಂಬುತ್ತೆ. ತಾಯಿಯಿಂದ ಬಂದರೆ ಇಲ್ಲ, ಇಬ್ಬರಿಂದಲೂ ಬಂದರೂ ಇಲ್ಲ. ಮಾಂಸ ಮಾತ್ರ ಗಟ್ಟಿ, ಬೇಗ ಅಗಿಯಕ್ಕಾಗಲ್ಲ, ಹಾಗಾಗಿ ಅದು ಮಾರುಕಟ್ಟೆಯಲ್ಲಿ ಹೆಸರು ಮಾಡಲಿಲ್ಲ.

ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಮಹಾರಾಷ್ಟ್ರದ ಫಲ್ಟಣ. ಬಂಗಾಳದ ಸುಂದರಬನದ ಗರೋಲ್ ಅನ್ನುವ ಗಿಡ್ಡ ಕುರಿಯಲ್ಲಿ ಒಂದು ವಂಶವಾಹಿ ಇದೆ, ಅದಿದ್ದರೆ ಅವಳಿ ಮರಿ ಜಾಸ್ತಿ. ಅಲ್ಲಿನ ಕುರಿಗಳು 18ನೇ ಶತಮಾನದ ಕೊನೆಯಲ್ಲಿ ಹಡಗು ಹತ್ತಿ ಆಸ್ಟ್ರೇಲಿಯಕ್ಕೂ ಹೋಗಿದ್ದವು. ಆ ವಂಶವಾಹಿ ಯಾವುದು ಅಂತ ವಿಜ್ಞಾನಿಗಳು 2001ರಲ್ಲಿ ಖಚಿತವಾಗಿ ಗುರುತಿಸಿದರು. ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಅದನ್ನ ದಖನಿ ಕುರಿಗೆ ಸೇರಿಸಿ ನಾರಿ ಸುವರ್ಣ ಅನ್ನುವ ಕುರಿಯನ್ನ ತಯಾರು ಮಾಡಿದರು. ನಮ್ಮ ರಾಜ್ಯದಲ್ಲೂ ಸಾಕುವವರಿದ್ದಾರೆ. ನಮ್ಮ ಸದಸ್ಯರು ಕೆಲವರು ತನ್ನಿ ತನ್ನಿ ಅನ್ನುತ್ತಿರುವುದು ಆ ಟಗರನ್ನೇ.

ಎರಡು ಮಾತು ಗಮನಿಸಿ. ಒಂದು, ಅವಳಿ ಹಾಕುವುದು ಹೆಣ್ಣಿನ ಅಂಡಾಶಯದ ಕೆಲಸ. ಆ ಟಗರು ತಂದ ವರ್ಷ ನಿಮ್ಮ ಹಳೇ ಕುರಿಗಳು ಅವಳಿ ಹಾಕುವುದಿಲ್ಲ. ಆ ಟಗರಿಗೆ ಹುಟ್ಟಿದ, ಆ ವಂಶವಾಹಿ ಪಡೆದ ಹೆಣ್ಣುಮರಿ ಬೆಳೆದು ಗಬ್ಬ ಕಟ್ಟಿದಾಗ ಹಾಕುತ್ತೆ. ಟಗರು ಬಂದು ಒಂದೇ ವರ್ಷಕ್ಕೆ "ಸಂಘದವರು ಮೋಸ ಮಾಡಿದರು" ಅಂತ ಮತ್ತೆ ಗಲಾಟೆ ಎಬ್ಬಿಸಬೇಡಿ. ಎರಡು, ಹೊಟ್ಟೆಯಲ್ಲಿ ಎರಡು ಮರಿ ಇಟ್ಟುಕೊಂಡ ಕುರಿಗೆ ಒಂದರ ಮೇವು ಹಾಕಿದರೆ ಮೂರು ಜೀವಕ್ಕೂ ಸಂಕಟ. ಕೊನೇ ತಿಂಗಳಲ್ಲಿ ಅದು ತನ್ನ ಮೈ ಕೊಬ್ಬು ಕರಗಿಸಿ ಮರಿಗೆ ಕೊಡೋಕೆ ಹೋಗಿ ರಕ್ತ ಕೆಡಿಸಿಕೊಳ್ಳುತ್ತೆ. ಮೇವು ಬಿಟ್ಟು ಗುಂಪಿನಿಂದ ಹಿಂದೆ ಉಳಿಯುತ್ತೆ, ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ತುತ್ತೆ, ಉಸಿರು ಒಂಥರ ಸಿಹಿ ವಾಸನೆ ಬರುತ್ತೆ. ನಾವು ಇದನ್ನ ದೃಷ್ಟಿ ಅಂತಲೋ ಗಾಳಿ ಅಂತಲೋ ಹೇಳಿ ನಿಂಬೆಹಣ್ಣು ಕತ್ತರಿಸುತ್ತಾ ಕೂತರೆ ಎರಡು ಮೂರು ದಿನದಲ್ಲಿ ಕುರಿ ಹೋಗುತ್ತೆ. ಕೂಡಲೇ ಡಾಕ್ಟರನ್ನ ಕರೆಸಬೇಕು.

ತಾಯಿ ಮೈಯ ಪ್ರಭಾವ ಎಷ್ಟು ಅನ್ನುವುದಕ್ಕೆ ಕುದುರೆಯ ಹಳೇ ಪರೀಕ್ಷೆ ಒಂದಿದೆ. 1938ರಲ್ಲಿ ಕೇಂಬ್ರಿಡ್ಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಅನ್ನುವವರು ಪ್ರಕಟಿಸಿದ್ದು. ಶೈರ್ ಅನ್ನುವ ಆನೆಯಂಥ ಕುದುರೆ, ಶೆಟ್‌ಲ್ಯಾಂಡ್ ಅನ್ನುವ ಗಿಡ್ಡ ಕುದುರೆ, ಎರಡನ್ನೂ ಕೃತಕ ಗರ್ಭಧಾರಣೆಯಿಂದ ಅದಲು ಬದಲು ಕೂಡಿಸಿದರು. ವಂಶವಾಹಿ ಲೆಕ್ಕದಲ್ಲಿ ಎರಡು ಕಡೆ ಮರಿಯೂ ಅರ್ಧಂಬರ್ಧ. ಆದರೆ ದೊಡ್ಡ ತಾಯಿಗೆ ಹುಟ್ಟಿದ ಮರಿ ಗಿಡ್ಡ ತಾಯಿಗೆ ಹುಟ್ಟಿದ್ದರ ಮೂರರಷ್ಟು ತೂಕ ಇತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವುದನ್ನ ನಮ್ಮ ಅಜ್ಜಿಯರು ಯಾವ ತಕ್ಕಡಿ ಇಟ್ಟು ತೂಗಿ ಹೇಳಿದ್ದರೋ ಗೊತ್ತಿಲ್ಲ.

ಇನ್ನು ಐದು ತಿಂಗಳಲ್ಲಿ ಹೊಟ್ಟೆಯೊಳಗೆ ಏನೇನು ನಡೆಯುತ್ತೆ ಅಂತ ತಿಳಿದರೆ ಮೇವು ಯಾವಾಗ ಬೇಕು ಅನ್ನೋದು ತಾನೇ ತಿಳಿಯುತ್ತೆ. ಕುರಿ ಈದ ಮೇಲೆ ಬೀಳುವ ಮಾಸನ್ನ ನೀವೆಲ್ಲ ನೋಡಿದ್ದೀರಿ. ಅದರ ಮೇಲೆ ಕೋಟಿನ ಗುಂಡಿಗಳ ಹಾಗೆ ಕೆಂಪು ಗಂಟುಗಳಿರುತ್ತವೆ. ತಾಯಿಯ ಆಹಾರ ಮರಿಗೆ ದಾಟುವುದು ಆ ಗುಂಡಿಗಳಲ್ಲಿ. ಈ ಮಾಸು ಬೆಳೆಯುವುದು ಮೊದಲ ಮೂರು ತಿಂಗಳಲ್ಲೇ. ಕಾಲುವೆ ಮೊದಲು ತೋಡಿಕೊಂಡು ಆಮೇಲೆ ನೀರು ಬಿಟ್ಟ ಹಾಗೆ. ಕಾಲುವೆ ಕಿರಿದಾದರೆ ಕೊನೆಯಲ್ಲಿ ಎಷ್ಟು ನೀರು ಬಿಟ್ಟರೂ ಅಷ್ಟೇ ಹರಿಯೋದು. ಎರಡು ಮೂರನೇ ತಿಂಗಳಲ್ಲಿ ಮಾಂಸದ ಎಳೆಗಳು ಹುಟ್ಟುತ್ತವೆ. ಎಷ್ಟು ಎಳೆ ಅನ್ನುವುದು ಹುಟ್ಟುವ ಮೊದಲೇ ಹೆಚ್ಚು ಕಡಿಮೆ ತೀರ್ಮಾನ, ಆಮೇಲೆ ಎಳೆ ದಪ್ಪ ಆಗುತ್ತೆಯೇ ಹೊರತು ಎಣಿಕೆ ಹೆಚ್ಚುವುದಿಲ್ಲ. ಮೂರನೇ ತಿಂಗಳಿಂದ ಹುಟ್ಟುವವರೆಗೆ ಉಣ್ಣೆಯ ಸಣ್ಣ ಬೇರುಗಳು ಚರ್ಮದಲ್ಲಿ ಮೂಡುತ್ತವೆ. ಆಗ ತಾಯಿ ಬಡವಾದರೆ ಮರಿಗೆ ಜೀವಮಾನ ಪೂರ್ತಿ ಉಣ್ಣೆ ಕಡಿಮೆ ಅಂತ ಆಸ್ಟ್ರೇಲಿಯದವರು ಮೆರಿನೋ ಕುರಿಯಲ್ಲಿ ಕಂಡುಕೊಂಡಿದ್ದಾರೆ. ಕಂಬಳಿಗೆ ಈಗ ಬೆಲೆ ಇಲ್ಲ ಬಿಡಿ, ಅದು ಬೇರೆ ಸಂಕಟ. ಹುಟ್ಟುವ ಹೆಣ್ಣುಮರಿಯ ಅಂಡಾಶಯದ ಮೊಟ್ಟೆಗಳೂ ತಾಯಿ ಹೊಟ್ಟೆಯೊಳಗೇ ತಯಾರಾಗುತ್ತವೆ. ಅಂದರೆ ಇವತ್ತು ಗಬ್ಬದ ಕುರಿಗೆ ಹಾಕಿದ ಮೇವು ಅದರ ಮೊಮ್ಮಗಳವರೆಗೂ ಮುಟ್ಟುತ್ತೆ. ಮರಿಯ ತೂಕದಲ್ಲಿ ನೂರಕ್ಕೆ 70ರಷ್ಟು ಬರೋದು ಮಾತ್ರ ಕೊನೆಯ ಆರು ಏಳು ವಾರದಲ್ಲಿ.

ಹಾಗಂತ ತುಂಬಿಸುತ್ತಾ ಹೋಗುವುದೂ ಸರಿಯಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್‌ನ ರೊವೆಟ್ ಸಂಸ್ಥೆಯವರು ಇನ್ನೂ ಮೈ ಬೆಳೆಯುತ್ತಿದ್ದ ಎಳೇ ಕುರಿಗಳನ್ನ ಗಬ್ಬ ಮಾಡಿಸಿ ಬೇಕಾದಷ್ಟು ತಿನ್ನಿಸಿದರು. ಮರಿ ದೊಡ್ಡದಾಗಬೇಕಿತ್ತು, ಆದರೆ ಸಣ್ಣದಾಯಿತು. ತಾಯಿಯ ಮೈ ತಾನೇ ಬೆಳೆಯೋಕೆ ಮೇವೆಲ್ಲ ಎಳೆದುಕೊಂಡಿತು, ಮಾಸು ಬೆಳೆಯಲಿಲ್ಲ. ನಮ್ಮಲ್ಲಿ ಆರೇಳು ತಿಂಗಳ ಮರಿ ಹಿಂಡಿನಲ್ಲಿ ಟಗರಿನ ಜೊತೆ ತಿರುಗಿ ಗಬ್ಬ ಕಟ್ಟುವುದು ಮಾಮೂಲು. ಹೆಣ್ಣುಮರಿಯನ್ನ ಒಂದು ವರ್ಷ ದಾಟಿ ಮೈ ತುಂಬುವವರೆಗೆ ಟಗರಿನಿಂದ ಬೇರೆ ಇಡಬೇಕು.

ಈ ಕುರಿಯ ಗಬ್ಬದಿಂದ ಮನುಷ್ಯರಿಗೂ ಉಪಕಾರ ಆಗಿದೆ ಅಂತ ತಾಯಂದಿರಿಗೆ ಒಂದು ಮಾತು ಹೇಳಬೇಕು. ನ್ಯೂಜಿಲೆಂಡಿನ ಲಿಗಿನ್ಸ್ ಅನ್ನುವ ಡಾಕ್ಟರು, ದಿನ ತುಂಬದ ಕುರಿಮರಿಗೆ ಹೊಟ್ಟೆಯಲ್ಲಿದ್ದಾಗಲೇ ಒಂದು ಹಾರ್ಮೋನು ಕೊಟ್ಟರೆ ಅದರ ಶ್ವಾಸಕೋಶ ಬೇಗ ಬಲಿಯುತ್ತೆ ಅಂತ 1969ರಲ್ಲಿ ಬರೆದರು. 1972ರಲ್ಲಿ ಅದನ್ನ ಹೆಂಗಸರಿಗೂ ಕೊಟ್ಟು ತೋರಿಸಿದರು. ಇವತ್ತು ಏಳು ತಿಂಗಳಿಗೇ ನೋವು ಬಂದ ಹೆಣ್ಣುಮಗಳಿಗೆ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಇದೇ. ಅದೂ ವಾಲ್ವ್ ತಿರುಗಿಸುವ ಕೆಲಸವೇ. ಮಲಗಿದ್ದ ಶ್ವಾಸಕೋಶದ ವಂಶವಾಹಿಗಳನ್ನ ಹೊತ್ತಿಗೆ ಮುಂಚೆ ಎಬ್ಬಿಸುವುದು.

ಈಗ ದುಡ್ಡಿನ ಮಾತು. ಡಾಕ್ಟರು ಹೇಳುವ ಪ್ರಕಾರ ನಮ್ಮ ಗಾತ್ರದ ಗಬ್ಬದ ಕುರಿಗೆ ಕೊನೆಯ ಆರೇಳು ವಾರ ದಿನಕ್ಕೆ 200ರಿಂದ 250 ಗ್ರಾಂ ಕೈತಿಂಡಿ ಸಾಕು. 250 ಗ್ರಾಂ ಅಂತಲೇ ಹಿಡಿಯಿರಿ, 45 ದಿನಕ್ಕೆ ಹನ್ನೊಂದೂಕಾಲು ಕೆ.ಜಿ. ಇಪ್ಪತ್ತು ಗಬ್ಬದ ಕುರಿ ಇದ್ದರೆ 225 ಕೆ.ಜಿ., 50 ಕೆ.ಜಿ. ಚೀಲದ ಲೆಕ್ಕದಲ್ಲಿ ನಾಲ್ಕೂವರೆ ಚೀಲ. ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಗೋಧಿ ಬೂಸಾ, ಸ್ವಲ್ಪ ಉಪ್ಪು, ಖನಿಜ ಮಿಶ್ರಣ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅಗ್ಗಕ್ಕೆ ಸಿಕ್ಕಿದರೂ ಮುಟ್ಟಬೇಡಿ, ಅದು ಪಿತ್ತಜನಕಾಂಗಕ್ಕೆ ವಿಷ. ಹುರುಳಿ ಹೊಟ್ಟು, ತೊಗರಿ ಹೊಟ್ಟು, ಶೇಂಗಾ ಬಳ್ಳಿಯನ್ನ ಸುಗ್ಗಿಯಲ್ಲೇ ಮಾರಿಬಿಡದೆ ಗಬ್ಬದ ಕುರಿಗೆ ಅಂತ ಬೇರೆ ಬಣವೆ ಒಟ್ಟಿಟ್ಟರೆ ಚೀಲದ ಖರ್ಚು ಇನ್ನೂ ಇಳಿಯುತ್ತೆ. ಬದುವಿನ ಮೇಲೆ ನಾಲ್ಕು ಸುಬಾಬುಲ್, ಗ್ಲಿರಿಸಿಡಿಯಾ ಇದ್ದರೆ ಏಪ್ರಿಲ್‌ನಲ್ಲೂ ಒಂದು ಹಿಡಿ ಹಸಿರು ಸಿಗುತ್ತೆ.

ಇಡೀ ಹಿಂಡಿಗೆ ಹಾಕಿ ಅಂತ ನಾವು ಹೇಳ್ತಿಲ್ಲ, ಅದು ಯಾರಿಂದಲೂ ಆಗದ ಮಾತು. ಗಬ್ಬದ್ದು ಮಾತ್ರ ಸಂಜೆ ರೊಪ್ಪದಲ್ಲಿ ಬೇರೆ ಮಾಡಿ. ಅದಕ್ಕೆ ಯಾವಾಗ ಟಗರು ಬಿಟ್ಟಿರಿ ಅನ್ನೋ ತಾರೀಖು ಗೊತ್ತಿರಬೇಕು. ವರ್ಷ ಪೂರ್ತಿ ಟಗರು ಹಿಂಡಿನಲ್ಲೇ ಇದ್ದರೆ ಯಾವ ಕುರಿಗೆ ಯಾವ ತಿಂಗಳು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಠರಾವಿನ ಬಗ್ಗೆ ನಮ್ಮ ಅಭಿಪ್ರಾಯ ಇಷ್ಟು. ಟಗರು ಕೊಳ್ಳೋಣ, ಆದರೆ ನಿಧಿಯ ಅರ್ಧ ಭಾಗದಲ್ಲಿ ಮಾತ್ರ. ಇನ್ನರ್ಧ ಗಬ್ಬದ ಕುರಿಯ ಮೇವಿಗೆ ಸಾಲದ ರೂಪದಲ್ಲಿ ಇಡೋಣ. ಹಿಂಡಿ, ಖನಿಜ ಮಿಶ್ರಣ ಡಿಪೋದಿಂದ ಎತ್ತುವುದು, ಮರಿ ಮಾರಿದಾಗ ತೀರಿಸುವುದು. ಕೂಲಿ ಮಾಡಿ ಐದಾರು ಕುರಿ ಕಟ್ಟಿಕೊಂಡಿರುವ ಸದಸ್ಯರಿಗೆ, ಅದರಲ್ಲೂ ಗಂಡನಿಲ್ಲದ ಹೆಣ್ಣುಮಕ್ಕಳಿಗೆ ಮೊದಲ ಪಾಳಿ. ಹೆಚ್ಚು ಬೆಲೆಯ ಟಗರಿನ ಮರಿ ಅವರ ಹಟ್ಟಿಯಲ್ಲಿ ಹುಟ್ಟಿ ಮೂರನೇ ದಿನಕ್ಕೆ ಹೋದರೆ ನಷ್ಟ ಅವರದ್ದೇ, ಸಂಘದ ಲೆಡ್ಜರಿನಲ್ಲಿ ಅದು ಬರುವುದೂ ಇಲ್ಲ.

ಇದು ನಮ್ಮೂರಲ್ಲಿ ನಿಜವಾಗುತ್ತೋ ಇಲ್ಲವೋ ಅಂತ ನೋಡೋಕೆ ಸಂಘದಿಂದ ಒಂದು ತೂಗುತಕ್ಕಡಿ, ಮನೆಗೊಂದು ಪುಸ್ತಕ ಕೊಡಲು ಆಡಳಿತ ಮಂಡಳಿ ಒಪ್ಪಿದೆ. ಟಗರಿನ ನಂಬರು, ಬಿಟ್ಟ ತಾರೀಖು, ಈದ ತಾರೀಖು, ಮರಿ ತೂಕ, ಗಿಣ್ಣುಹಾಲು ಎಷ್ಟು ಹೊತ್ತಿಗೆ ಕುಡಿಯಿತು, ಇಷ್ಟೇ ಬರೆಯುವುದು. ಕುರಿಯಲ್ಲಿ ರೋಗ ತಡೆಯುವ ಶಕ್ತಿ ಮಾಸಿನ ಮೂಲಕ ಮರಿಗೆ ದಾಟುವುದಿಲ್ಲ, ಗಿಣ್ಣಿನಲ್ಲೇ ಬರಬೇಕು, ಅದಕ್ಕೇ ಆ ಕಾಲಂ. ಬರೆಯೋಕೆ ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಲಿ ಬರೆಸಿ. ಎರಡು ಈತ ಕಳೆದ ಮೇಲೆ ಮೇವಿನ ಸಾಲ ಪಡೆದವರ ಪುಸ್ತಕವನ್ನೂ ಪಡೆಯದವರ ಪುಸ್ತಕವನ್ನೂ ಇದೇ ಸಭೆಯಲ್ಲಿ ಓದಿಸೋಣ. ಆಗ ಟಗರು ಸರಿಯಿಲ್ಲ ಅಂತ ಲೆಕ್ಕ ತೋರಿಸಿದವರ ಮಾತನ್ನ ನಾವೇ ಎದ್ದು ನಿಂತು ಒಪ್ಪಿಕೊಳ್ತೇವೆ.

ಸಂಕ್ರಾಂತಿಗೆ ಗಬ್ಬ ಕಟ್ಟಿದ ಕುರಿಗಳಿಗೆ ಏಪ್ರಿಲ್ ಕೊನೇ ವಾರದಿಂದ ಕೈತಿಂಡಿ ಶುರು ಆಗಬೇಕು. ಹಿಂಡಿ ತರಿಸೋಕೆ ಡಿಪೋದವರಿಗೆ ಹದಿನೈದು ದಿನವಾದರೂ ಬೇಕು. ಅಂಥ ಕುರಿ ಇರುವವರು ಇವತ್ತೇ ಕಾರ್ಯದರ್ಶಿಗಳ ಹತ್ತಿರ ಹೆಸರು, ಕುರಿಯ ಎಣಿಕೆ ಬರೆಸಿ ಹೋಗಿ. ಪುಸ್ತಕಗಳನ್ನ ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇವೆ.